ಕುರುಗೋಡಿನ ಹಸಿರು ಗೆರೆ

ಪರದೆಯ ಮೇಲೆ ನನ್ನ ಭಾಗ ಬೂದು ಬೂದಾಗಿರುತ್ತಿತ್ತು. ಅವನದು ಹಚ್ಚ ಹಸಿರು. ಬೆಳಗ್ಗೆ ಬಳ್ಳಾರಿಯ ಪಾರ್ವತಿನಗರದ ಆಫೀಸಿನ ಮೆಟ್ಟಿಲು ಹತ್ತಿ ಕಂಪ್ಯೂಟರ್ ಹಚ್ಚಿದ ಕೂಡಲೇ ನಾನು ನೋಡುತ್ತಿದ್ದುದು ನನ್ನ ಭಾಗವನ್ನಲ್ಲ, ಅವನದನ್ನು. ಎಲ್ಲಾದರೂ ಒಂದು ಚೂರು ಬೂದು ಕಂಡೀತೇ ಎಂದು. ಕಾಣುತ್ತಿರಲಿಲ್ಲ.

ನಮ್ಮದು ಸಣ್ಣ ಕಂಪನಿ. ಒಂದು ಸೇವಾಸಂಸ್ಥೆ ಕೊಟ್ಟ ಪ್ರಾಯೋಗಿಕ ಕೆಲಸವನ್ನು ಆಗ ಹಿಡಿದಿತ್ತು. ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆ ಇಡುವ ಫ್ರಿಜ್‌ಗಳಿರುತ್ತವಲ್ಲ, ಅವುಗಳ ಒಳಗಿನ ಉಷ್ಣಾಂಶ ಎರಡು ಡಿಗ್ರಿಗಿಂತ ಇಳಿಯಬಾರದು, ಎಂಟಕ್ಕಿಂತ ಏರಬಾರದು. ಇದನ್ನು ಕಾಯಲು ಪ್ರತಿ ಫ್ರಿಜ್‌ನ ಪಕ್ಕದ ಗೋಡೆಗೆ ಊಟದ ಡಬ್ಬಿಯಷ್ಟು ದೊಡ್ಡ ಲಾಗರ್ ಪೆಟ್ಟಿಗೆಯೊಂದನ್ನು ಕೂರಿಸಿದ್ದೆವು. ಅದರ ವೈರಿನ ತುದಿ ಫ್ರಿಜ್‌ನೊಳಗೆ. ಪೆಟ್ಟಿಗೆಯೊಳಗೆ ಮೊಬೈಲ್‌ನಂಥದೇ ಒಂದು ಸಿಮ್. ಹತ್ತು ಹತ್ತು ನಿಮಿಷಕ್ಕೆ ಉಷ್ಣಾಂಶ ಬರೆದುಕೊಂಡು ಆಗಾಗ ಬೆಂಗಳೂರಿನ ಸರ್ವರ್‌ಗೆ ಕಳಿಸುವುದು ಅದರ ಕೆಲಸ. ಸರ್ವರ್ ಅದನ್ನು ಗೆರೆಯಾಗಿ ನಮ್ಮ ಪರದೆಯ ಮೇಲೆ ಎಳೆಯುತ್ತಿತ್ತು. ಸರಿಯಿದ್ದರೆ ಹಸಿರು, ಮೀರಿದರೆ ಕೆಂಪು, ಮಾಹಿತಿಯೇ ಬರದಿದ್ದರೆ ಬೂದು ಪಟ್ಟಿ.

ಸಿರುಗುಪ್ಪ ಕಡೆಯ ಫ್ರಿಜ್‌ಗಳು ನನ್ನ ಪಾಲಿಗೆ ಬಂದವು. ಕುರುಗೋಡು ಕಡೆಯವು ನನಗಿಂತ ಎರಡು ವರ್ಷ ತಡವಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ. ನಾವಿಬ್ಬರೂ ಓದಿದ್ದು ಒಂದೇ ಪಾಲಿಟೆಕ್ನಿಕ್‌ನಲ್ಲಿ. ಅವನು ನನ್ನನ್ನು 'ಅಕ್ಕಾ' ಎನ್ನುತ್ತಿದ್ದ. ನಾನು ಮನಸ್ಸಿನಲ್ಲಿ ಅವನನ್ನು 'ಕುರುಗೋಡಿನವ' ಎನ್ನುತ್ತಿದ್ದೆ. ಅವನಿಗೆ ಹೊಸ ಬೈಕಿತ್ತು. ನನಗೆ ಸಿರುಗುಪ್ಪದ ಬಸ್ಸಿತ್ತು.

ಅದು ಕಬ್ಬಿಣದ ಅದಿರಿನ ಗಣಿಗಳ ಕಾಲ. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ಕಾರಿನ ಗಾಜು ಏರಿಸಿಕೊಂಡು ಎದುರಿಗೆ ಹಾದು ಹೋಗುತ್ತಿದ್ದರು. ನಮ್ಮ ಕೌಲ್ ಬಜಾರಿನ ಓಣಿಯಲ್ಲೇ ಇಬ್ಬರು ಲಾರಿ ಕೊಂಡಿದ್ದರು. ನಮ್ಮ ಅಬ್ಬಾ, ಅಂದರೆ ಅಪ್ಪ, ಅಲ್ಲೇ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಮಿಷನ್ ಮೇಲೆ ಕೂರುತ್ತಿದ್ದರು. ಆ ಲಾರಿಗಳು ಓಣಿಗೆ ಬಂದಾಗ ಹೊಲಿಗೆ ನಿಲ್ಲಿಸಿ, ಧೂಳಿಗೆ ಬಾಗಿಲು ಮುಚ್ಚಿ, ಮತ್ತೆ ಕೂರುತ್ತಿದ್ದರು. ಅವರಿಗೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಅದು ಅವರಿಂದ ನನಗೆ ಬಂದದ್ದಲ್ಲ ಎಂದು ಖಂಡಿತವಾಗಿ ಹೇಳಬಲ್ಲೆ.

ಮೊದಲ ಪರಿಶೀಲನಾ ಸಭೆಯಲ್ಲೇ ಮ್ಯಾನೇಜರು ಪರದೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿದರು. ಸೇವಾಸಂಸ್ಥೆಯಿಂದ ಬಂದ ಹಿರಿಯರು ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಈ ಕಡೆ ಯಾಕ್ರಿ ಹಲ್ಲು ಬಿದ್ದವರ ಬಾಯಿ ಇದ್ದಂಗ ಐತಿ?"

"ಅದು ಸಿರುಗುಪ್ಪ ಭಾಗ್ರಿ ಸರ್. ಡೇಟಾ ತಪ್ಪಾಕತ್ತೈತಿ. ಮೇಡಂ ನೋಡಾಕತ್ಯಾರ," ಎಂದರು ಮ್ಯಾನೇಜರು.

"ಮತ್ತ ಈ ಕಡೆದು?"

"ಕುರುಗೋಡು. ನಮ್ಮ ಹುಡುಗ ನೋಡ್ಕೋತಾನ್ರಿ."

ಎಲ್ಲರೂ ನಮ್ಮ ಹುಡುಗನ ಕಡೆ ತಿರುಗಿದರು. ಅವನು ನಾಚಿಕೊಂಡ. ಆ ನಾಚಿಕೆಯೂ ಅವನಿಗೆ ಒಪ್ಪುತ್ತಿತ್ತು.

ನಾನು ಕರೆಂಟಿನಿಂದ ಶುರು ಮಾಡಿದೆ. ಸಿರುಗುಪ್ಪ ಕಡೆ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತಿರಲಿಲ್ಲ. ಕರೆಂಟು ಹೋದಾಗ ಪೆಟ್ಟಿಗೆಯನ್ನು ನಡೆಸಲು ಒಳಗೊಂದು ಬ್ಯಾಟರಿ ಇತ್ತು. ಅದು ಸತ್ತಿರಬೇಕು ಎಂದುಕೊಂಡು ಊರೂರಿಗೆ ಬಸ್ಸಿನಲ್ಲಿ ಹೋಗಿ, ಪ್ಲಗ್ ಕಿತ್ತು, ಪೆಟ್ಟಿಗೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಬ್ಯಾಟರಿಗಳು ಗಟ್ಟಿಯಾಗಿದ್ದವು. ಎರಡು ಮಾತ್ರ ಸೊರಗಿದ್ದವು, ಬದಲಿಸಿದೆ. ಬೂದು ಪಟ್ಟಿಗಳು ಹಾಗೇ ಉಳಿದವು.

ಆಮೇಲೆ ನೆಟ್‌ವರ್ಕ್. ಸಿರುಗುಪ್ಪದ ಆಚೆ, ಗದ್ದೆಗಳ ನಡುವಿನ ಒಂದು ಆರೋಗ್ಯ ಕೇಂದ್ರದಲ್ಲಿ ನಿಂತಿದ್ದಾಗ ನನ್ನ ಮೊಬೈಲ್ ಗುಂಯ್ ಎಂದಿತು. ಆಂಧ್ರಪ್ರದೇಶಕ್ಕೆ ಸ್ವಾಗತ ಎಂಬ ಸಂದೇಶ. ನಾನು ನಿಂತಿದ್ದು ಕರ್ನಾಟಕದಲ್ಲೇ, ಆದರೆ ಗಡಿ ಹತ್ತಿರ. ಬಯಲು ಸೀಮೆ, ಅಡ್ಡ ಏನೂ ಇಲ್ಲ. ಆಚೆಯ ಟವರಿನ ಅಲೆ ನಮ್ಮದಕ್ಕಿಂತ ಜೋರಾಗಿದ್ದಾಗ ಫೋನು ಅದನ್ನೇ ಹಿಡಿದುಬಿಡುತ್ತಿತ್ತು. ತಕ್ಷಣ ಪೆಟ್ಟಿಗೆಯ ಸಿಮ್ ತೆಗೆದು ನನ್ನ ಫೋನಿಗೆ ಹಾಕಿ ನೋಡಿದೆ. ಒಂದರ ಹಿಂದೊಂದು ಸ್ವಾಗತದ ಸಂದೇಶಗಳು ಬಂದು ಬಿದ್ದಿದ್ದವು. ಪಾಪದ ಪೆಟ್ಟಿಗೆ ಕೂತಲ್ಲೇ ಕೂತು ದಿನಾ ಆಂಧ್ರಕ್ಕೆ ಹೋಗಿ ಬರುತ್ತಿತ್ತು! ನಮ್ಮ ಸಿಮ್‌ಗಳಿಗೆ ರಾಜ್ಯದ ಹೊರಗೆ ಡೇಟಾ ಕಳಿಸುವ ಸೌಲಭ್ಯ ಇರಲಿಲ್ಲ.

"ಇಲ್ಲಿ ಎಲ್ರಿಗೂ ಹಂಗೇ ಆಗ್ತೈತ್ರಿ," ಎಂದರು ಅಲ್ಲಿಯ ಸಿಸ್ಟರ್. "ನಮ್ಮ ಅತ್ತಿ ಹಿತ್ತಲದಾಗ ನಿಂತ್ರ ಕರ್ನಾಟಕ, ಮಾಳಿಗಿ ಏರಿದ್ರ ಆಂಧ್ರ. ಫೋನ್ ಬಂದ್ರ ರೊಕ್ಕ ಹೋಗ್ತೈತಂತ ಓಡಿ ಕೆಳಗ ಇಳೀತಾರ."

ನಕ್ಕೆವು. ಆ ವಾರವೆಲ್ಲ ನನ್ನ ಊರುಗಳನ್ನು ಸುತ್ತಿದೆ. ಪೆಟ್ಟಿಗೆಗಳು ನಮ್ಮ ನೆಟ್‌ವರ್ಕ್ ಬಿಟ್ಟು ಬೇರೆಯದನ್ನು ಹಿಡಿಯದಂತೆ ಕಟ್ಟುಹಾಕಿದೆ. ಪೂರ್ವದ ಕಿಟಕಿಗಿದ್ದ ಆಂಟೆನಾಗಳನ್ನು ಬಿಚ್ಚಿ ಸಿರುಗುಪ್ಪದ ಟವರಿನ ಕಡೆ ತಿರುಗಿಸಿ ಬಿಗಿದೆ. ಬೂದು ಪಟ್ಟಿಗಳು ಅರ್ಧಕ್ಕರ್ಧ ಕರಗಿದವು. ಮ್ಯಾನೇಜರಿಗೆ ತೋರಿಸಲು ಓಡೋಡಿ ಹೋದೆ.

ಅವರು ನೋಡಿದರು. "ಛಲೋ ಆತು ಬಿಡ್ರಿ," ಎಂದರು. ಆಮೇಲೆ ಪರದೆಯನ್ನು ಸ್ವಲ್ಪ ಕೆಳಗೆ ಸರಿಸಿ, "ಆದ್ರೂ ಕುರುಗೋಡಿನಾಗ ಒಂದೂ ಇಲ್ಲಲ್ರಿ," ಎಂದರು.

ಅವತ್ತು ಮನೆಯಲ್ಲಿ ಊಟಕ್ಕೆ ಕೂತಾಗ ಅಮ್ಮಿ ನನ್ನ ತಟ್ಟೆಗೆ ರೊಟ್ಟಿ ಹಾಕುತ್ತಾ ಹೇಳಿದಳು, "ಬಂದಾಗಿಂದ ಆ ಹುಡುಗನ ಹೆಸರು ಎಷ್ಟು ಸಲ ತಗೊಂಡಿ, ನಿನಗರ ಗೊತ್ತೈತೇನು? ಯಾರರ ಕೇಳಿದ್ರ ಬ್ಯಾರೇನಾರ ತಿಳ್ಕೋತಾರ."

"ಅಂಥಾದ್ದೇನಿಲ್ಲಮ್ಮಿ. ನಂಗ ಅವನ ಕಂಡ್ರ ಆಗಂಗಿಲ್ಲ."

"ಹಂಗಾರ ಹೆಸರು ತಗೋಬ್ಯಾಡ. ಉಣ್ಣು."

ಉಳಿದ ಬೂದು ಪಟ್ಟಿಗಳ ಹಿಂದೆ ಬಿದ್ದೆ. ಈ ಸಲ ಬೇರೆ ದಾರಿ ಹಿಡಿದೆ. ಮಾಹಿತಿ ದಾರಿಯಲ್ಲಿ ಕಳೆದುಹೋಗುತ್ತಿದೆಯೋ, ಹುಟ್ಟುತ್ತಲೇ ಇಲ್ಲವೋ? ಲ್ಯಾಪ್‌ಟಾಪ್ ಹೊತ್ತುಕೊಂಡು ತೆಕ್ಕಲಕೋಟೆಗೆ ಹೋಗಿ ಪೆಟ್ಟಿಗೆಗೆ ಕೇಬಲ್ ಚುಚ್ಚಿ, ಅದರ ನೆನಪಿನಲ್ಲಿದ್ದುದನ್ನೆಲ್ಲ ಇಳಿಸಿಕೊಂಡೆ. ಪರದೆಯಲ್ಲಿ ಬೂದಾಗಿದ್ದ ಹೊತ್ತಿನದೆಲ್ಲ ಅಲ್ಲಿತ್ತು. ಒಂದೂ ಬಿಟ್ಟಿರಲಿಲ್ಲ. ಅಷ್ಟೇ ಅಲ್ಲ, ನೆಟ್‌ವರ್ಕ್ ಹೋಗಿ ಬಂದಮೇಲೆ ಪೆಟ್ಟಿಗೆ ಅದನ್ನೆಲ್ಲ ಕಳಿಸಿಯೂ ಇತ್ತು. ಸರ್ವರ್ 'ತಲುಪಿದೆ' ಎಂದು ಉತ್ತರವನ್ನೂ ಕೊಟ್ಟಿತ್ತು.

ಪೆಟ್ಟಿಗೆ ಕಳಿಸಿದೆ, ಸರ್ವರ್ ತಗೊಂಡಿದೆ, ಪರದೆಯಲ್ಲಿ ಇಲ್ಲ.

ಸರ್ವರ್ ನಡೆಸುತ್ತಿದ್ದವರು ಬೆಂಗಳೂರಿನ ಬೇರೊಂದು ಕಂಪನಿಯವರು. ಫೋನ್ ಹಚ್ಚಿದೆ. ಆ ಕಡೆಯ ಎಂಜಿನಿಯರ್ ತಾಳ್ಮೆಯಿಂದಲೇ ಕೇಳಿಸಿಕೊಂಡರು. "ಮೇಡಂ, ನಮ್ಮಲ್ಲೇ ತಪ್ಪಿದ್ದರೆ ಎಲ್ಲಾ ಕಡೆಯ ಡೇಟಾನೂ ತಪ್ಪಿಹೋಗಬೇಕಿತ್ತು ಅಲ್ವಾ? ಕುರುಗೋಡಿನದು ನೋಡಿ, ಪರ್ಫೆಕ್ಟ್ ಆಗಿ ಬರ್ತಿದೆ. ಅದೇ ಪೆಟ್ಟಿಗೆ, ಅದೇ ಸರ್ವರ್."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಬೆಂಗಳೂರಿನವರಿಗೂ ಕುರುಗೋಡೇ ಉದಾಹರಣೆ!

ಮರುದಿನ ಮ್ಯಾನೇಜರು ಕರೆದು, ನೋವಾಗಬಾರದೆಂದು ದನಿ ತಗ್ಗಿಸಿ ಹೇಳಿದರು, "ಮೇಡಂ, ಒಂದು ದಿನ ಕುರುಗೋಡಿಗೆ ಹೋಗಿ ಬರ್ರಿ. ಅವ ಹೆಂಗ ಮಾಡ್ಯಾನ ನೋಡ್ಕೊಂಡು ಬರ್ರಿ. ಇದರಾಗ ಸಣ್ಣತನ ಏನಿಲ್ಲ."

ಸಣ್ಣತನ ಇತ್ತು. ಎರಡು ವರ್ಷ ಕಿರಿಯನಾದವನ ಹತ್ತಿರ ಕಲಿಯಲು ಹೋಗುವವಳು ನಾನಾಗಿದ್ದೆ. ಮಂಗಳವಾರ ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ದುಪಟ್ಟಾ ಹಿಡಿದು ಕೂತೆ. ಊರು ದಾಟುವ ಮುಂಚೆಯೇ ಅದಿರಿನ ಲಾರಿಗಳ ಸಾಲು ಸಿಕ್ಕಿತು. ಬಸ್ಸು ನಿಂತೇ ಇತ್ತು. ಆ ಹೊತ್ತಿಡೀ ಅವನ ಕೆಲಸದಲ್ಲಿ ಒಂದಾದರೂ ಕೊರತೆ ಸಿಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಕುರುಗೋಡಿನ ಬಸ್ ನಿಲ್ದಾಣದಲ್ಲಿ ಅವನು ಬೈಕ್ ಸಮೇತ ಕಾಯುತ್ತಿದ್ದ. "ಬರ್ರಿ ಅಕ್ಕಾ, ಬಿಸಿಲಾಗ ಬಂದೀರಿ. ಮೊದಲು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನೂಣು."

ಅಂಗಡಿಯವನು ಅವನಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಅಂಗಡಿಯವನ ತಾಯಿಯನ್ನು ಅವನು ಯಾವತ್ತೋ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದನಂತೆ. ಆಂಬುಲೆನ್ಸ್ ಡ್ರೈವರು ಎದುರಿಗೆ ಬಂದಾಗ ಇಬ್ಬರೂ ತೆಲುಗಿನಲ್ಲಿ ಏನೋ ಚೇಷ್ಟೆ ಮಾಡಿ ನಕ್ಕರು. ಫ್ರಿಜ್ ಇದ್ದ ಕಡೆಯಲ್ಲೆಲ್ಲ ಸಿಸ್ಟರ್‌ಗಳು "ಬಾರಪ್ಪಾ" ಎಂದು ಅವನನ್ನೇ ಕರೆದರು. ನನ್ನನ್ನು "ಇವರ್ಯಾರು?" ಎಂದು ಅವನನ್ನೇ ಕೇಳಿದರು.

ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡಿದೆ. ನಾನು ಮಾಡಿದ್ದಕ್ಕಿಂತ ಅವನು ಹೆಚ್ಚೇನೂ ಮಾಡಿರಲಿಲ್ಲ. ಆಂಟೆನಾ ನನ್ನಷ್ಟು ಬಿಗಿಯಾಗಿ ಕೂರಿಸಿರಲೂ ಇಲ್ಲ. ಒಂದು ಕಡೆ ಬ್ಯಾಟರಿ ನೋಡಿಯೇ ಬಹಳ ದಿನವಾಗಿತ್ತು.

"ಇದನ್ನ ಯಾವಾಗ ನೋಡಿದ್ದಿ?" ಎಂದೆ.

"ಎಲ್ಲಾ ಹಸಿರು ಐತಲ್ಲಕ್ಕಾ. ಕೆಡಿಸಾಕ ಹೋಗಬಾರದಂತ ಬಿಟ್ಟೀನಿ," ಎಂದು ನಕ್ಕ.

ಕಡೆಯದಾಗಿ ಬೆಟ್ಟದ ಹಿಂದಿನ ಒಂದು ಸಣ್ಣ ಊರಿಗೆ ಕರೆದೊಯ್ದ. ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಯಾರೋ ದೊಡ್ಡವರು ಬರುವವರಿದ್ದರು. ಸುಣ್ಣ ಬಳಿಯುವ ಕೆಲಸ ನಡೆದಿತ್ತು. ಪಡಸಾಲೆಯಲ್ಲಿ ಡಬ್ಬಗಳು, ಏಣಿ. ಅಲ್ಲಿನ ಸಿಸ್ಟರ್ ನಮ್ಮ ಎದುರೇ ಫ್ರಿಜ್ ಬಾಗಿಲು ತೆರೆದು ತೋರಿಸಿದರು. ಒಳಗೆ ತಣ್ಣಗಿತ್ತು, ಎಲ್ಲ ಸರಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ತಾವು ತರಬೇತಿಗೆಂದು ಬಳ್ಳಾರಿಗೆ ಹೊರಡುವುದಾಗಿಯೂ, ಗುರುವಾರ ಬೆಳಗ್ಗೆ ಮಕ್ಕಳಿಗೆ ಲಸಿಕೆ ಹಾಕಲು ಬಂದುಬಿಡುವುದಾಗಿಯೂ ಹೇಳಿದರು.

ಹೊರಗೆ ಬಂದು ಮ್ಯಾನೇಜರಿಗೆ ಫೋನ್ ಮಾಡೋಣವೆಂದು ಮೊಬೈಲ್ ತೆಗೆದೆ. ಸಿಗ್ನಲ್ ಇರಲಿಲ್ಲ.

"ಇಲ್ಲಿ ಬರಂಗಿಲ್ಲಕ್ಕಾ," ಎಂದ ಅವನು. "ಗುಡ್ಡ ಅಡ್ಡ ಐತಲ್ಲ. ಒಮ್ಮೊಮ್ಮೆ ಗಾಳಿ ಬೀಸಿದಂಗ ಬರ್ತೈತಿ, ಹೋಗ್ತೈತಿ. ಮಾತಾಡಬೇಕಂದ್ರ ಆ ಬೇವಿನ ಗಿಡದ ತನಕ ಹೋಗ್ಬೇಕು."

ಹೂಂ ಎಂದು ಬೈಕ್ ಹತ್ತಿದೆ. ಬಸ್ಸಿನಲ್ಲಿ ಬಳ್ಳಾರಿಗೆ ಮರಳುವಾಗ, ಕೋಟೆ ಗುಡ್ಡ ದೂರದಲ್ಲಿ ಕಾಣಿಸಿದ ಮೇಲೆ, ಆ ಮಾತು ತಲೆಯಲ್ಲಿ ತಿರುಗತೊಡಗಿತು. ಸಿಗ್ನಲ್ ಬಂದು ಹೋಗುವ ಊರಿನಲ್ಲಿ ನನ್ನ ಪೆಟ್ಟಿಗೆಗಳು ಬೂದು ತೋರಿಸುತ್ತವೆ. ಅವನ ಪೆಟ್ಟಿಗೆಯೂ ಅಂಥ ಊರಿನಲ್ಲೇ ಇದೆ. ಅದು ಬೂದಾಗಬೇಕಿತ್ತು. ಯಾಕೆ ಆಗುವುದಿಲ್ಲ?

ಬುಧವಾರ ಮಧ್ಯಾಹ್ನ ಆಫೀಸಿನಲ್ಲಿ ಕೂತು ಅವನ ಗೆರೆಗಳನ್ನು ತೆರೆದೆ. ಅದುವರೆಗೆ ನಾನೂ ಎಲ್ಲರಂತೆ ಬಣ್ಣ ಮಾತ್ರ ನೋಡಿದ್ದೆ. ಈಗ ಗೆರೆಯನ್ನು ಹಿಗ್ಗಿಸಿ ನೋಡಿದೆ. ಹೊಟ್ಟೆಕಿಚ್ಚಿನವರ ಕಣ್ಣು ಚುರುಕು. ಮೆಚ್ಚಿಕೊಂಡವರು ಒಮ್ಮೆ ನೋಡಿ ಸುಮ್ಮನಾಗುತ್ತಾರೆ. ಆಗದವರು ಎಳೆ ಎಳೆ ಬಿಡಿಸಿ ನೋಡುತ್ತಾರೆ.

ಫ್ರಿಜ್‌ನ ಗೆರೆ ನೇರವಾಗಿರುವುದಿಲ್ಲ. ಮೋಟಾರು ಓಡಿದಾಗ ಒಳಗೆ ತಣ್ಣಗಾಗುತ್ತದೆ, ನಿಂತಾಗ ಸ್ವಲ್ಪ ಬಿಸಿಯಾಗುತ್ತದೆ. ಹೀಗಾಗಿ ಗೆರೆ ಗರಗಸದ ಹಲ್ಲಿನ ಹಾಗೆ ಏರಿ ಇಳಿಯುತ್ತಿರುತ್ತದೆ. ನನ್ನ ಸಿರುಗುಪ್ಪದ ಗೆರೆಗಳು ಬೂದು ಪಟ್ಟಿಗಳ ನಡುವೆ ಇದ್ದಷ್ಟೂ ಹಾಗೇ ಇದ್ದವು. ಕುರುಗೋಡಿನ ಗೆರೆಯೂ ಸ್ವಲ್ಪ ದೂರ ಏರಿಳಿದು ಸಾಗುತ್ತಿತ್ತು. ಆಮೇಲೆ ಒಮ್ಮೆಲೇ ಸ್ಕೇಲ್ ಇಟ್ಟು ಎಳೆದಂತೆ ನೆಟ್ಟಗೆ ಹೋಗುತ್ತಿತ್ತು. ಮತ್ತೆ ಏರಿಳಿತ. ಮತ್ತೆ ನೆಟ್ಟಗೆ.

ಅವನ ಡೇಟಾ ಕೂಡ ನನ್ನದರಂತೆಯೇ ತಪ್ಪುತ್ತಿತ್ತು. ತಪ್ಪಿದ ಜಾಗದಲ್ಲಿ ಸರ್ವರ್ ಕೊನೆಗೆ ಬಂದ ಅಂಕಿಯನ್ನೇ ಮುಂದಕ್ಕೆ ಎಳೆದು ಹಸಿರು ಬಳಿಯುತ್ತಿತ್ತು.

ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಇಲ್ಲಿ ಬಚ್ಚಿಡುವುದಿಲ್ಲ. ಇಷ್ಟು ದಿನ ನನ್ನ ಎದೆಯ ಮೇಲೆ ಕೂತಿದ್ದ ಹಸಿರು ಸುಳ್ಳಾಗಿತ್ತು. ಶುಕ್ರವಾರ ಸಭೆ ಇತ್ತು. ಆ ಹಿರಿಯರು ಬರುತ್ತಾರೆ, ಗೋಡೆಯ ಮೇಲೆ ಪರದೆ ಮೂಡುತ್ತದೆ, ನಾನು ಎದ್ದು ನಿಂತು ಈ ಗೆರೆಯನ್ನು ಹಿಗ್ಗಿಸಿ ತೋರಿಸುತ್ತೇನೆ. ಆಗ ಎಲ್ಲರೂ ಯಾರ ಕಡೆ ತಿರುಗುತ್ತಾರೆ ನೋಡೋಣ. ಏನು ಹೇಳಬೇಕು, ಎಲ್ಲಿ ತಡೆಯಬೇಕು, ಮಾತುಗಳನ್ನು ಕೂಡ ಹೊಂದಿಸಿಕೊಂಡೆ.

ಹಾಗೆ ಹೊಂದಿಸಿಕೊಳ್ಳುತ್ತಲೇ ಉಳಿದ ಫ್ರಿಜ್‌ಗಳನ್ನು ತೆರೆಯುತ್ತಾ ಹೋದೆ. ಬೆಟ್ಟದ ಹಿಂದಿನ ಊರಿನದು ಬಂತು. ಅದು ಮಂಗಳವಾರ ಮಧ್ಯಾಹ್ನದಿಂದ ನೆಟ್ಟಗಿತ್ತು. ನಾವು ಅಲ್ಲಿಂದ ಹೊರಟ ಸ್ವಲ್ಪ ಹೊತ್ತಿಗೆ ಏರಿಳಿತ ನಿಂತಿತ್ತು, ಇನ್ನೂ ಶುರುವಾಗಿರಲಿಲ್ಲ. ಸಿಗ್ನಲ್ ಬಂದು ಹೋಗುವ ಊರಾದರೂ ಇಷ್ಟು ಹೊತ್ತು ಒಮ್ಮೆಯಾದರೂ ಬರಬೇಕಿತ್ತು. ಅಂದರೆ ಆ ಪೆಟ್ಟಿಗೆ ಸತ್ತಿದೆ. ಪೆಟ್ಟಿಗೆ ಮಾತ್ರವೋ, ಫ್ರಿಜ್ ಕೂಡವೋ? ಬೀಗ ಹಾಕಿದ ಕೋಣೆ. ಸಿಸ್ಟರ್ ಬಳ್ಳಾರಿಯಲ್ಲಿ. ನಾಳೆ ಗುರುವಾರ. ಬೆಳಗ್ಗೆ ಅವರು ನೇರ ಬಂದು, ಬಾಗಿಲು ತೆರೆದು, ಸಾಲಿನಲ್ಲಿ ನಿಂತ ಮಕ್ಕಳಿಗೆ ಅದೇ ಲಸಿಕೆ ಹಾಕುತ್ತಾರೆ. ಹಸಿರಿದೆಯೇ ಎಂದು ಫೋನ್ ಮಾಡಿ ಕೇಳಿದರೂ ನಮ್ಮ ಆಫೀಸು ಹಸಿರಿದೆ ಎಂದೇ ಹೇಳುತ್ತದೆ.

ಶುಕ್ರವಾರದ ಭಾಷಣ ಅಲ್ಲಿಗೆ ಬಿಟ್ಟೆ. ಅವನಿಗೆ ಫೋನ್ ಹಚ್ಚಿದೆ. ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಒಂದು ಕರೆ ಹೋಗಬೇಕಾದರೆ ಹತ್ತು ಸಲ ಒತ್ತಬೇಕಿತ್ತು. ಎಲ್ಲರ ಕೈಗೂ ಫೋನು ಬಂದಿತ್ತು, ಟವರುಗಳು ಮಾತ್ರ ಹಳೆಯವು. ಕೊನೆಗೆ ಹತ್ತಿತು.

"ಗುಡ್ಡದ ಹಿಂದಿನ ಊರಿಗೆ ಈಗಿಂದೀಗ ಹೋಗು. ಫ್ರಿಜ್ ತೆಗೆದು ನೋಡು."

"ಯಾಕಕ್ಕಾ? ಅದು ಹಸಿರು ಐತಲ್ಲ."

"ಹಸಿರು ಸುಳ್ಳು. ಬಂದು ಹೇಳ್ತೀನಿ. ನಾನೂ ಹೊಂಟೀನಿ. ಮೊದಲು ಸಿಸ್ಟರ್‌ಗೆ ಫೋನ್ ಮಾಡಿ ಬೀಗದ ಕೈ ಎಲ್ಲೈತಿ ಕೇಳು."

ಅವನು ಜಗಳ ಮಾಡಬಹುದಿತ್ತು, ನಗಬಹುದಿತ್ತು. "ಆತಕ್ಕಾ, ಹೊಂಟೆ," ಎಂದ.

ನಾನು ಆಟೋ ಹಿಡಿದು ಬಸ್ ನಿಲ್ದಾಣಕ್ಕೆ, ಅಲ್ಲಿಂದ ಕುರುಗೋಡಿಗೆ, ಅಲ್ಲಿಂದ ಯಾರದೋ ಟಂಟಂ ಗಾಡಿಯಲ್ಲಿ ಆ ಊರಿಗೆ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಕೋಣೆಯ ಬಾಗಿಲು ತೆರೆದಿತ್ತು. ಹೊಸ ಸುಣ್ಣದ ವಾಸನೆ. ಅವನು ಫ್ರಿಜ್‌ನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿ, ಅವನೇ ಕುರುಗೋಡಿನಿಂದ ಬೈಕಿನಲ್ಲಿ ಕೂರಿಸಿಕೊಂಡು ಬಂದ ಡಾಕ್ಟರು ನಿಂತಿದ್ದರು.

ಆಗಿದ್ದು ಇಷ್ಟೇ. ಸುಣ್ಣ ಬಳಿಯುವವರು ಗೋಡೆಗಾಗಿ ಫ್ರಿಜ್ಜನ್ನು ಮುಂದಕ್ಕೆ ಎಳೆದಿದ್ದರು. ಅದರ ಪ್ಲಗ್ಗನ್ನೂ ನಮ್ಮ ಪೆಟ್ಟಿಗೆಯ ಪ್ಲಗ್ಗನ್ನೂ ಕಿತ್ತಿದ್ದರು. ಕೆಲಸ ಮುಗಿಸಿ ಎಲ್ಲವನ್ನೂ ಅಚ್ಚುಕಟ್ಟಾಗಿ ಮೊದಲಿನ ಜಾಗಕ್ಕೆ ತಳ್ಳಿ, ಪ್ಲಗ್ ಚುಚ್ಚಿದಂತೆ ಕಾಣುವ ಹಾಗೆ ವೈರನ್ನು ಹಿಂದಕ್ಕೆ ಸೇರಿಸಿ, ಬೀಗ ಹಾಕಿ ಕೀಲಿಕೈಯನ್ನು ಪಕ್ಕದ ಮನೆಗೆ ಕೊಟ್ಟು ಹೋಗಿದ್ದರು. ಪೆಟ್ಟಿಗೆಯ ಬ್ಯಾಟರಿ ಬಹಳ ಕಾಲದಿಂದ ನೋಡದೆ ಬಿಟ್ಟದ್ದು. ಸ್ವಲ್ಪ ಹೊತ್ತು ಉಸಿರಾಡಿ ನಿಂತಿತ್ತು.

ಡಾಕ್ಟರು ಫ್ರಿಜ್‌ನೊಳಗಿನ ಥರ್ಮಾಮೀಟರ್ ನನಗೆ ತೋರಿಸಿದರು. ಕೋಣೆಯ ಸೆಕೆಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಐಸ್ ಪ್ಯಾಕುಗಳು ನೀರಾಗಿ ಗುಳುಗುಳು ಎನ್ನುತ್ತಿದ್ದವು. ಪೋಲಿಯೋ ಹನಿಯ ಸೀಸೆಗಳ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಬಿಳಿ ಚೌಕ ಇರುತ್ತದೆ. ಲಸಿಕೆಗೆ ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ. ಚೌಕಗಳು ಬಿಳುಪು ಕಳೆದುಕೊಂಡು ಮಸುಕಾಗಿದ್ದವು.

"ಪೂರ್ತಿ ಕೆಟ್ಟಿಲ್ಲ," ಎಂದರು ಡಾಕ್ಟರು. "ಆದರ ಉಳಿದ ಸೀಸಾಗಳ ಮ್ಯಾಲೆ ಈ ಗುರುತೂ ಇಲ್ಲ. ಅವಕ್ಕೆಷ್ಟು ಬಿಸಿ ತಾಗೈತಿ ಯಾರಿಗೆ ಗೊತ್ತು? ನಾ ಇದನ್ನ ಮಕ್ಕಳಿಗೆ ಹಾಕ್ಸಂಗಿಲ್ಲ. ಎಲ್ಲಾ ತೆಗೀರಿ."

"ಮತ್ತ ಮುಂಜಾನಿಗೆ?" ಎಂದೆ ನಾನು. ಸುತ್ತಲ ಹಳ್ಳಿಗಳಿಂದ ತಾಯಂದಿರು ಕೂಲಿ ಬಿಟ್ಟು ಬರುತ್ತಾರೆ. ಒಮ್ಮೆ ವಾಪಸು ಕಳಿಸಿದರೆ ಮುಂದಿನ ಸಲ ಬರುವುದು ಗ್ಯಾರಂಟಿ ಇಲ್ಲ.

ಅವನು ಆಗಲೇ ಬೇವಿನ ಗಿಡದ ಕಡೆ ಓಡುತ್ತಿದ್ದ. ಅಲ್ಲಿ ನಿಂತು ಒಂದೊಂದಾಗಿ ಫೋನ್ ಮಾಡಿದ. ಬಳ್ಳಾರಿಯ ಲಸಿಕೆ ಉಗ್ರಾಣದವರು ಮನೆಗೆ ಹೊರಡುವುದರಲ್ಲಿದ್ದರು. ಅವರನ್ನು 'ಮಾವಾ' ಎಂದು ಕರೆದು ನಿಲ್ಲಿಸಿದ. ಡಾಕ್ಟರ ಕೈಗೆ ಫೋನು ಕೊಟ್ಟು ಮಾತಾಡಿಸಿದ. ತರಬೇತಿಯಲ್ಲಿದ್ದ ಸಿಸ್ಟರನ್ನೇ ಉಗ್ರಾಣಕ್ಕೆ ಹೋಗಲು ಹೇಳಿದ. ಆಂಬುಲೆನ್ಸ್ ಡ್ರೈವರಿಗೆ ತೆಲುಗಿನಲ್ಲಿ ಏನೋ ಹೇಳಿದ. ಆ ಡ್ರೈವರು ಬಳ್ಳಾರಿಯಲ್ಲಿ ಒಬ್ಬ ರೋಗಿಯನ್ನು ಬಿಟ್ಟು ಖಾಲಿ ಬರುವವನಿದ್ದನಂತೆ, ಸಿಸ್ಟರನ್ನೂ ಲಸಿಕೆಯ ಪೆಟ್ಟಿಗೆಯನ್ನೂ ಹತ್ತಿಸಿಕೊಳ್ಳಲು ಒಪ್ಪಿದ.

ನಾನು ಕೋಣೆಯಲ್ಲಿ ಫ್ರಿಜ್ಜಿಗೆ ಪ್ಲಗ್ ಚುಚ್ಚಿ, ಹೊಸ ಬ್ಯಾಟರಿ ಹಾಕಿ, ಕಿಟಕಿಯಿಂದ ಅವನನ್ನೇ ನೋಡುತ್ತಾ ನಿಂತಿದ್ದೆ. ಕೆಟ್ಟದ್ದನ್ನು ಕಂಡುಹಿಡಿದವಳು ನಾನು, ನಿಜ. ಆದರೆ ನಾನು ಆ ಗಿಡದ ಕೆಳಗೆ ನಿಂತು ಫೋನ್ ಮಾಡಿದ್ದರೆ ಯಾರು ನಿಲ್ಲುತ್ತಿದ್ದರು? ಸಿರುಗುಪ್ಪದ ಕಡೆ ನನ್ನ ಪೆಟ್ಟಿಗೆಗಳೆಲ್ಲ ನನಗೆ ಗೊತ್ತಿದ್ದವು, ಮನುಷ್ಯರಲ್ಲಿ ಇಬ್ಬರೋ ಮೂವರೋ. ಆ ಸಂಜೆ ಹೊಟ್ಟೆ ಉರಿದಷ್ಟು, ಅವನ ಹಸಿರು ಗೆರೆಗಳನ್ನು ನೋಡಿ ಎಂದೂ ಉರಿದಿರಲಿಲ್ಲ.

ಹೊಸ ಲಸಿಕೆ ಬಂತು. ಗುರುವಾರ ಬೆಳಗ್ಗೆ ಮಕ್ಕಳು ಎಂದಿನಂತೆ ಅತ್ತರು.

ಅಂದೇ ಬೆಂಗಳೂರಿನ ಎಂಜಿನಿಯರಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ಕುರುಗೋಡಿನ ನೇರ ಗೆರೆಗಳನ್ನು ತೆರೆಯಲು ಹೇಳಿ, ಅವರು ನೋಡುವವರೆಗೆ ಸುಮ್ಮನೆ ಕಾದೆ. ಆ ಕಡೆಯಿಂದ ಕೀಬೋರ್ಡಿನ ಸದ್ದು ಕೇಳಿಸಿತು.

"ಮೇಡಂ, ಒಂದು ನಿಮಿಷ," ಎಂದರು. ಒಂದು ನಿಮಿಷ ಬಹಳ ಹೊತ್ತಾಯಿತು. "ಸಾರಿ ಮೇಡಂ. ಎರಡು ವಿಷಯ ಇದೆ."

ಮೊದಲನೆಯದು ಕುರುಗೋಡಿನದು. ಯೋಜನೆಯ ಉದ್ಘಾಟನೆಗೆಂದು ಮೊದಲು ಪೆಟ್ಟಿಗೆ ಕೂರಿಸಿದ್ದು ಅಲ್ಲೇ. ಅತಿಥಿಗಳ ಎದುರು ಗೆರೆ ತುಂಡಾಗಿ ಕಾಣಬಾರದೆಂದು ಸರ್ವರ್‌ನವರು, ಮಾಹಿತಿ ಬರದಿದ್ದಾಗ ಹಿಂದಿನ ಅಂಕಿಯನ್ನೇ ತೋರಿಸು ಎಂಬ ಆಯ್ಕೆಗೆ ಗುರುತು ಹಾಕಿದ್ದರು. ಸಮಾರಂಭ ಮುಗಿದ ಮೇಲೆ ಅದನ್ನು ತೆಗೆಯಲು ಮರೆತಿದ್ದರು. ಹುಡುಗನಿಗೆ ಇದು ಗೊತ್ತೇ ಇರಲಿಲ್ಲ. ಅವನು ಮೋಸಗಾರನಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಎರಡನೆಯದು ನನ್ನ ಬೂದು ಪಟ್ಟಿಗಳ ಮೂಲ. ನೆಟ್‌ವರ್ಕ್ ಮರಳಿದ ಕೂಡಲೇ ಪೆಟ್ಟಿಗೆ ಮೊದಲು ಆಗಿನ ಉಷ್ಣಾಂಶವನ್ನು ಕಳಿಸುತ್ತಿತ್ತು, ಆಮೇಲೆ ಕೂಡಿಟ್ಟ ಹಳೆಯದನ್ನು. ಸರ್ವರ್ ಹೊಸದನ್ನು ಬರೆದುಕೊಂಡ ಮೇಲೆ ಅದಕ್ಕಿಂತ ಹಿಂದಿನ ಹೊತ್ತಿನದು ಏನು ಬಂದರೂ 'ತಲುಪಿದೆ' ಎಂದು ಉತ್ತರ ಕೊಟ್ಟು ಆಚೆ ಎಸೆಯುತ್ತಿತ್ತು. ಹಳೆಯದನ್ನು ಅದರ ಹೊತ್ತಿನ ಜಾಗದಲ್ಲೇ ಸೇರಿಸುವಂತೆ ತಿದ್ದಬೇಕು ಎಂದರು. ತಿದ್ದಿಕೊಡುವುದಾಗಿಯೂ, ಕುರುಗೋಡಿನ ಗುರುತನ್ನು ಈಗಲೇ ತೆಗೆಯುವುದಾಗಿಯೂ ಹೇಳಿದರು.

ಫೋನ್ ಇಡುವಷ್ಟರಲ್ಲಿ ಕುರುಗೋಡು ಬೂದಾಯಿತು. ಉದ್ದಕ್ಕೂ, ನನ್ನದಕ್ಕಿಂತ ಹೆಚ್ಚು. ಎದ್ದು ಹೋಗಿ ನೀರು ಕುಡಿದು ಬಂದು ಮತ್ತೊಮ್ಮೆ ನೋಡಿದೆ.

ಶುಕ್ರವಾರ ಸಭೆಯಲ್ಲಿ ಪರದೆ ಗೋಡೆಯ ಮೇಲೆ ಮೂಡಿದ್ದೇ ಹಿರಿಯರು ಬೆಚ್ಚಿದರು. ಮ್ಯಾನೇಜರು ನನ್ನ ಕಡೆ ನೋಡಿದರು. ನಾನು ಏಳಲು ಕುರ್ಚಿ ಹಿಂದೆ ಸರಿಸಿದೆ. ಅಷ್ಟರಲ್ಲಿ ಅವನೇ ಎದ್ದ.

"ಸರ್, ನನ್ನ ಭಾಗ ಇಷ್ಟು ದಿನ ಛಲೋ ಕಂಡಿದ್ದು ಸುಳ್ಳು. ಅದನ್ನ ಹಿಡಿದಿದ್ದು ಅಕ್ಕ. ಬ್ಯಾಟರಿ ನೋಡದೇ ಬಿಟ್ಟಿದ್ದು ನಾನು. ಅಕ್ಕ ಬುಧವಾರ ಫೋನ್ ಮಾಡಲಿಲ್ಲ ಅಂದಿದ್ರ ಗುರುವಾರ ಕೆಟ್ಟ ಲಸಿಕಿ ಹೋಗ್ತಿತ್ತು."

ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ನಾನು ಹೊಂದಿಸಿಕೊಂಡಿದ್ದ ಮಾತುಗಳಿಗಿಂತ ಚೆನ್ನಾಗಿ ಹೇಳಿದ. ಹಿರಿಯರು ಕನ್ನಡಕ ತೆಗೆದರು.

"ನೋಡ್ರಿ, ಎಂಥಾ ದೊಡ್ಡ ಮನಸ್ಸು!" ಎಂದರು. "ತನ್ನ ತಪ್ಪು ತಾನೇ ಎದ್ದು ಹೇಳಾಕ ಎಷ್ಟು ಮಂದಿಗೆ ಬರ್ತೈತಿ?"

ಎಲ್ಲರೂ ಮತ್ತೆ ಅವನ ಕಡೆಗೇ ತಿರುಗಿದರು. ಸ್ವಲ್ಪ ಹೊತ್ತಿನ ಮೇಲೆ ಯಾರೋ ನೆನಪು ಮಾಡಿಕೊಂಡು, "ಮೇಡಂ ಅವರದೂ ಶ್ರಮ ಐತಿ ಬಿಡ್ರಿ," ಎಂದರು. ನಾನು ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಎಳೆದುಕೊಂಡೆ.

ಸರ್ವರ್ ತಿದ್ದುಪಡಿ ಬಂದ ದಿನ ಇಬ್ಬರೂ ಒಂದೇ ಪರದೆಯ ಮುಂದೆ ಕೂತಿದ್ದೆವು. ಪೆಟ್ಟಿಗೆಗಳಿಗೆ ನೆನಪಿನಲ್ಲಿದ್ದುದನ್ನೆಲ್ಲ ಮತ್ತೆ ಕಳಿಸಿ ಎಂದು ಆದೇಶ ಕೊಟ್ಟೆ. ಮೊದಲು ತೆಕ್ಕಲಕೋಟೆಯದು ತುಂಬಿತು. ಬೂದು ಪಟ್ಟಿ ಬಲಗಡೆಯಿಂದ ಸವೆಯುತ್ತಾ ಹೋಗಿ ಸಣ್ಣ ಸಣ್ಣ ಹಲ್ಲುಗಳ ಗೆರೆ ಮೂಡಿತು. ಆಮೇಲೆ ಗಡಿಯ ಊರಿನದು. ಆಮೇಲೆ ಅವನವು. ಬೆಟ್ಟದ ಹಿಂದಿನ ಊರಿನದರಲ್ಲಿ ಒಂದು ತುಂಡು ಮಾತ್ರ ತುಂಬಲಿಲ್ಲ. ಮಂಗಳವಾರದಿಂದ ಬುಧವಾರ ಸಂಜೆಯವರೆಗಿನದು. ಪೆಟ್ಟಿಗೆ ಸತ್ತಿದ್ದ ಹೊತ್ತು. ಅದು ಬೂದಾಗಿಯೇ ಉಳಿಯಿತು.

"ಇದನ್ನ ಹಂಗೇ ಬಿಡೂಣಕ್ಕಾ," ಎಂದ. "ಅದು ಖರೇ."

ಆ ಮಳೆಗಾಲ ಮುಗಿಯುವ ಮುಂಚೆ ಅವನನ್ನು ಒಂದು ಗಣಿ ಕಂಪನಿ ಕರೆದುಕೊಂಡಿತು. ಲಾರಿಗಳ ಮೇಲೆ ಕಣ್ಣಿಡುವ ಕೆಲಸ, ಜೀಪು, ಇಲ್ಲಿಗಿಂತ ಎಷ್ಟೋ ಪಟ್ಟು ಸಂಬಳ. ಬೀಳ್ಕೊಡುವಾಗ ಎಲ್ಲರಿಗೂ ಪೇಢೆ ಹಂಚಿದ. ನನಗೆ ಎರಡು ಕೊಟ್ಟ. ಅವನ ಭಾಗವನ್ನೂ ಮ್ಯಾನೇಜರು ನನಗೇ ವಹಿಸಿದರು, ಬೈಕ್ ಕೊಡಲಿಲ್ಲ.

ಬೆಟ್ಟದ ಹಿಂದಿನ ಊರಿಗೆ ಮೊದಲ ಸಲ ಒಬ್ಬಳೇ ಹೋದ ದಿನ ಸಿಸ್ಟರ್ ನನ್ನ ಹಿಂದೆ ಬಾಗಿಲ ಕಡೆ ಇಣುಕಿದರು. ಇನ್ಯಾರಾದರೂ ಬಂದಿದ್ದಾರೆಯೇ ಎಂದು.

"ಆ ತಮ್ಮ ಬರಂಗಿಲ್ಲೇನ್ರಿ ಇನ್ನ?"

"ಇಲ್ರಿ. ಬ್ಯಾರೆ ಕಡಿಗೆ ಹೋದ. ಇನ್ನ ಮ್ಯಾಲೆ ನಾನ ಬರ್ತೀನಿ."

"ಭಾಳ ಛಲೋ ಹುಡುಗ ಇದ್ದ."

"ಹೌದ್ರಿ, ಛಲೋ ಇದ್ದ," ಎಂದೆ. ಆ ಮಾತನ್ನು ನನ್ನ ಬಾಯಿಂದ ನಾನೇ ಮೊದಲ ಸಲ ಕೇಳಿದೆ. ಎದುರಿಗೆ ಅವನಿಲ್ಲದ್ದರಿಂದ ಸಲೀಸಾಗಿ ಬಂತು.

ಸಿಸ್ಟರ್ ಕೀಲಿಕೈ ತಂದು ಬಾಗಿಲು ತೆರೆದರು. "ಮೈನಿಂಗ್‌ನವರು ಛಲೋ ಕೆಲಸದವರನ್ನ ಬಿಡಂಗಿಲ್ಲ ನೋಡ್ರಿ. ಹುಡುಕಿ ಹುಡುಕಿ ಕರೀತಾರಂತ," ಎಂದರು. "ನಿಮ್ಮನ್ನೂ ಕರೆದಿರಬೇಕಲ್ರಿ?"

ಚೀಲದಿಂದ ಕೇಬಲ್ ತೆಗೆದು ಪೆಟ್ಟಿಗೆಯ ಮುಂದೆ ಸ್ಟೂಲ್ ಎಳೆದುಕೊಂಡೆ.

"ಇಲ್ರಿ," ಎಂದೆ. "ನನ್ನನ್ನ ಯಾರೂ ಕರೀಲಿಲ್ಲ."